ಬಂಗಾರದ ನಾಣ್ಯದ ಕೂಸು

ನಿವೃತ್ತಿಯಾದ ಹೆಂಗಸು ಬಂಗಾರ ಕೊಂಡರೆ ಅಕ್ಕಪಕ್ಕದವರು ಬಂದು ಕೈಯಲ್ಲಿ ಹಿಡಿದು ನೋಡಿ, ಯಾವ ಅಂಗಡಿಯದು ಎಂದು ಕೇಳಿ, ಚಹಾ ಕುಡಿದು ಹೋಗುತ್ತಾರೆ. ನಾನು ಕೊಂಡ ಬಂಗಾರವನ್ನು ನೋಡಿದವರು ಚಹಾಕ್ಕೂ ಕೂರಲಿಲ್ಲ. ಅದರ ಮೇಲೆ ತಲೆಬುರುಡೆಯಿತ್ತು.

ನಾನು ಹಾವೇರಿಯ ಹೈಸ್ಕೂಲೊಂದರಲ್ಲಿ ವಿಜ್ಞಾನ ಕಲಿಸಿದವಳು. ಮದುವೆಯಾಗಲಿಲ್ಲ. ಯಾಕೆ ಆಗಲಿಲ್ಲ ಎಂದು ಕೇಳುವವರಿಗೆ ಒಂದು ಕಾಲದಲ್ಲಿ ಬಗೆಬಗೆಯ ಉತ್ತರ ಇಟ್ಟುಕೊಂಡಿದ್ದೆ. ಈಗ ಕೇಳುವವರೇ ಇಲ್ಲ, ಉತ್ತರಗಳೂ ಮರೆತುಹೋಗಿವೆ. ಬಸ್ ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ ಎರಡು ಕೋಣೆಯ ಸ್ವಂತ ಮನೆ ಇದೆ. ಶಾಲೆ ಬಿಟ್ಟ ಮೇಲೆ ನನ್ನ ಫೋನಿಗೆ ಬರುವುದು ಬ್ಯಾಂಕಿನ ಮೆಸೇಜು, ಗ್ಯಾಸಿನ ಮೆಸೇಜು, ಆಗೊಮ್ಮೆ ಈಗೊಮ್ಮೆ ಸಾಲ ಬೇಕೇ ಎಂದು ಕೇಳುವ ಹುಡುಗಿಯ ದನಿ. ಆ ಹುಡುಗಿಯ ಜೊತೆ ಒಮ್ಮೆ ಅವಳ ಊರು, ಅವಳ ಊಟ, ಅವಳ ಅವ್ವನ ಮೊಣಕಾಲು ನೋವು ಎಲ್ಲ ಮಾತಾಡಿದೆ. ಸಾಲ ಮಾತ್ರ ಬೇಡವೆಂದೆ. ಮತ್ತೆ ಅವಳು ಫೋನು ಮಾಡಲಿಲ್ಲ.

ಪಾಠ ಹೇಳುವಾಗ ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಮನುಷ್ಯ ಎಲ್ಲಿಂದ ಬಂದ ಎನ್ನುವ ಪಾಠ. ಪುಸ್ತಕದಲ್ಲಿ ಅದು ಒಂದೂವರೆ ಪುಟ. ನಾನು ಅದನ್ನು ವಾರಗಟ್ಟಲೆ ಎಳೆಯುತ್ತಿದ್ದೆ. ದಕ್ಷಿಣ ಆಫ್ರಿಕದ ಸುಣ್ಣದಕಲ್ಲಿನ ಗಣಿಯಲ್ಲಿ ಕಲ್ಲಿನೊಳಗೆ ಹೂತುಕೊಂಡು ಸಿಕ್ಕ ಒಂದು ಕೂಸಿನ ತಲೆಬುರುಡೆಯನ್ನು ಪ್ರತಿ ವರ್ಷ ಬೋರ್ಡಿನ ಮೇಲೆ ಚಿತ್ರ ನೋಡದೆಯೇ ಬಿಡಿಸುತ್ತಿದ್ದೆ. ಮೂರೋ ನಾಲ್ಕೋ ವರ್ಷದ ಕೂಸು. ಬಾಯಲ್ಲಿ ಇನ್ನೂ ಹಾಲುಹಲ್ಲು, ಹಿಂದೆ ಆಗತಾನೆ ಮೂಡಿದ ಮೊದಲ ದವಡೆಹಲ್ಲು. ಮಂಗನೂ ಅಲ್ಲ, ಪೂರ್ತಿ ಮನುಷ್ಯನೂ ಅಲ್ಲ. ಎರಡು ಕಾಲ ಮೇಲೆ ನಡೆದಾಡಿದ ಕೂಸು. ಇಪ್ಪತ್ತು ಲಕ್ಷ ವರ್ಷಕ್ಕೂ ಹಿಂದೆ ಅದನ್ನು ಹದ್ದಿನಂಥ ದೊಡ್ಡ ಹಕ್ಕಿಯೊಂದು ಕೊಂದಿರಬೇಕು ಎನ್ನುತ್ತಾರೆ ಬಲ್ಲವರು. ಕಣ್ಣಿನ ಗುಳಿಯಲ್ಲಿ ಉಗುರಿನ ಗುರುತುಗಳಿವೆಯಂತೆ. ಇಷ್ಟು ಹೇಳುವ ಹೊತ್ತಿಗೆ ಹಿಂದಿನ ಬೆಂಚಿನವರೂ ಮಾತು ನಿಲ್ಲಿಸಿರುತ್ತಿದ್ದರು. ಅಷ್ಟು ಸಾಕಿತ್ತು ನನಗೆ.

ನಿವೃತ್ತಿಯಾದ ಮೇಲೆ ಮೇಡ್ಲೇರಿ ಕಡೆಯ ನನ್ನ ಹಳೆಯ ವಿದ್ಯಾರ್ಥಿಯೊಬ್ಬ, ಆ ದೇಶದ ಗಣಿಯಲ್ಲಿ ಯಂತ್ರಗಳನ್ನು ನೋಡಿಕೊಳ್ಳುವವನು, ಫೋನಿನಲ್ಲಿ ಒಂದು ಫೋಟೋ ಕಳಿಸಿದ. ಆದಿಮಾನವರ ಮೂಳೆಗಳು ಸಿಕ್ಕ ನೆಲ ನಮ್ಮದು ಎಂಬ ಹೆಮ್ಮೆಗೆ ಹೊರಡಿಸಿದ ಬಂಗಾರದ ನಾಣ್ಯ. ಒಂದು ಮಗ್ಗುಲಲ್ಲಿ ಅದೇ ಕೂಸಿನ ಬುರುಡೆ. ಇನ್ನೊಂದು ಮಗ್ಗುಲಲ್ಲಿ ಆ ಕೂಸು ಬದುಕಿದ್ದಾಗ ಹೇಗಿದ್ದಿರಬಹುದು ಎಂದು ಊಹಿಸಿ ಕೆತ್ತಿದ ಮುಖ. ‘ಬಾಯಾರ, ನಿಮ್ಮ ಕೂಸು’ ಎಂದು ಕೆಳಗೆ ಬರೆದಿದ್ದ. ನಮ್ಮ ಕಡೆ ಹೆಣ್ಣು ಮಾಸ್ತರರನ್ನು ಬಾಯಾರು ಎನ್ನುತ್ತಾರೆ. ನನಗಾಗಿ ಒಂದು ಕೊಂಡು ತಾ, ದುಡ್ಡು ಕಳಿಸುತ್ತೇನೆ ಎಂದೆ. ಬಳೆ, ಸರ, ಯಾವುದನ್ನೂ ಬಯಸಿದವಳಲ್ಲ ನಾನು. ಜೀವಮಾನದಲ್ಲಿ ಒಂದು ಬಯಸಿದೆ, ಅದೂ ಇಂಥದ್ದು.

ಅವನ ತಂಗಿಯ ಮದುವೆಗೆ ರಾಣೆಬೆನ್ನೂರಿನ ಕಲ್ಯಾಣ ಮಂಟಪಕ್ಕೆ ಹೋದಾಗ, ಊಟದ ಪಂಕ್ತಿಯಲ್ಲಿ ನನ್ನ ಎದುರು ನಿಂತು ಡಬ್ಬಿ ಕೊಟ್ಟ. ಮಗ್ಗುಲಲ್ಲಿ ಕೂತವರು ಇಣುಕಿದರು. ನಾನು ಬುರುಡೆ ಕೆಳಗೆ ಮಾಡಿ ಮುಖ ಮೇಲೆ ಮಾಡಿ ತೋರಿಸಿದೆ. ದೊಡ್ಡ ಕಣ್ಣು, ಚಪ್ಪಟೆ ಮೂಗು, ಮುಂದೆ ಬಂದ ಬಾಯಿ. ‘ಛಲೋ ಐತ್ರಿ’ ಎಂದು ಅವರು ಹೋಳಿಗೆಗೆ ತುಪ್ಪ ಹಾಕಿಸಿಕೊಂಡರು.

ಮನೆಯಲ್ಲಿ ಅದನ್ನು ಸಕ್ಕರೆ ಡಬ್ಬಿಗೆ ಆನಿಸಿ, ಮುಖ ಈಚೆ ಮಾಡಿ ನಿಲ್ಲಿಸಿದೆ. ನಾಚಿಕೆಯಿಲ್ಲದೆ ಹೇಳುತ್ತೇನೆ, ನಾನು ಅದರ ಜೊತೆ ಮಾತಾಡುತ್ತಿದ್ದೆ. ಹಾಲು ಒಡೆಯಿತು ನೋಡು, ಇವತ್ತು ನಳ ಬರಲಿಲ್ಲ ನೋಡು, ಇಂಥವೇ. ಎದುರು ಮನೆಯ ಹೆಣ್ಣುಮಗಳು ಒಂದು ದಿನ ಮೊಸರಿಗೆ ಹೆಪ್ಪು ಕೇಳಲು ಬಂದವಳು ನಾಣ್ಯ ಎತ್ತಿ ತಿರುಗಿಸಿ ಬುರುಡೆ ನೋಡಿ ಬೆಚ್ಚಿದಳು.

‘ಬಾಯಾರ, ಲಕ್ಷ್ಮಿ ಇದ್ದದ್ದು ಸಿಗಲಿಲ್ಲೇನ್ರಿ?’ ಎಂದಳು.

‘ಲಕ್ಷ್ಮಿ ಎಲ್ಲಾರ ಮನ್ಯಾಗೂ ಅದಾಳ. ಇದು ನಮ್ಮನ್ಯಾಗಷ್ಟ ಐತಿ,’ ಎಂದೆ.

ಹೆಪ್ಪು ತೆಗೆದುಕೊಂಡು ಹೋದಳು, ಮತ್ತೆ ಹೆಪ್ಪು ಕೇಳಲು ಬರಲಿಲ್ಲ. ನನ್ನ ನಾಲಿಗೆಯ ಖಾರ ಬ್ಯಾಡಗಿಯದು, ಹುಟ್ಟಿದ ಊರಿನದು. ಅದರಿಂದ ನನಗೆ ಲಾಭವಾದದ್ದು ಕಡಿಮೆ.

ಸ್ವಲ್ಪ ದಿನದಲ್ಲಿ ನನಗೊಂದು ಹುಚ್ಚು ಹೊಕ್ಕಿತು. ಇದಕ್ಕೊಂದು ಕೊಂಡಿ ಹಾಕಿಸಿ ಕೊರಳಲ್ಲಿ ಹಾಕಿಕೊಂಡರೆ ಹೇಗೆ? ಸೀರೆಯ ಒಳಗೆ ಯಾರಿಗೂ ಕಾಣುವುದಿಲ್ಲ, ಮನೆಯಲ್ಲಿ ಬಿಟ್ಟು ಹೋದೆನಲ್ಲ ಎಂಬ ಚಿಂತೆಯೂ ಇರುವುದಿಲ್ಲ. ರಾಣೆಬೆನ್ನೂರಿನಲ್ಲಿ ನಮ್ಮ ಮನೆತನಕ್ಕೆ ಮೊದಲಿನಿಂದ ಬೆಳ್ಳಿ ಬಂಗಾರದ ಕೆಲಸ ಮಾಡಿಕೊಡುವ ಪತ್ತಾರರಿದ್ದಾರೆ. ಅಲ್ಲಿಗೇ ಹೋದೆ.

ಇಲ್ಲಿ ನಮ್ಮ ಮನೆಯ ಒಂದು ಪದ್ಧತಿ ಹೇಳಬೇಕು. ನಮ್ಮಲ್ಲಿ ಯಾರಾದರೂ ತೀರಿಕೊಂಡರೆ ದಸರೆಗೆ ಮುಂಚೆ ಬರುವ ಮಹಾನವಮಿ ಅಮಾವಾಸ್ಯೆಯೊಳಗೆ ಪತ್ತಾರರ ಕೈಯಲ್ಲಿ ಅವರ ಹೆಸರಿನಲ್ಲಿ ಒಂದು ಬಿಲ್ಲೆ ಮಾಡಿಸುತ್ತಾರೆ. ರೂಪಾಯಿಗಿಂತ ತುಸು ದೊಡ್ಡದು, ಮೇಲೆ ಒಂದು ಮುಖ. ಮುಖವೆಂದರೆ ಸತ್ತವರ ಹೋಲಿಕೆ ಏನೂ ಇರುವುದಿಲ್ಲ. ಎರಡು ಕಣ್ಣು, ಮೂಗು, ಗಂಡಸಾದರೆ ಮೀಸೆ, ಮುತ್ತೈದೆಯಾದರೆ ಹಣೆಗೊಂದು ಚುಕ್ಕೆ. ಅದನ್ನು ಬ್ಯಾಡಗಿಯ ಮನೆಯ ದೇವರ ಜಗಲಿಯ ಮೇಲೆ ಹಿರಿಯರ ಸಾಲಿನಲ್ಲಿ ಕೂರಿಸುತ್ತಾರೆ. ವರ್ಷಕ್ಕೊಮ್ಮೆ ಆ ಅಮಾವಾಸ್ಯೆಗೆ ಅವರಿಗೆ ಹೊಸ ಬಟ್ಟೆ, ಎಡೆ. ಮುತ್ತಜ್ಜನಿಂದ ಹಿಡಿದು ಅವ್ವನವರೆಗೆ ಎಲ್ಲರೂ ಬೆಳ್ಳಿಯವರು. ನಮ್ಮಣ್ಣ ಒಬ್ಬನೇ ಬಂಗಾರದವನು. ಮೆಣಸಿನಕಾಯಿಗೆ ಒಳ್ಳೆಯ ದರ ಬಂದ ವರ್ಷ ಸತ್ತ. ಹೆಣ್ಣುಮಕ್ಕಳ ಬಿಲ್ಲೆಗಳು ಗಂಡನ ಮನೆಯ ಜಗಲಿಗೆ ಸೇರುತ್ತವೆ. ಅದರಲ್ಲಿ ತಪ್ಪೇನೂ ನನಗೆ ಕಂಡಿರಲಿಲ್ಲ. ಅದರ ಬಗ್ಗೆ ಯೋಚಿಸಿಯೇ ಇರಲಿಲ್ಲ ಎನ್ನುವುದು ಹೆಚ್ಚು ಸರಿ.

ಪತ್ತಾರರು ನಾಣ್ಯವನ್ನು ಅಂಗೈ ಮೇಲೆ ಇಟ್ಟುಕೊಂಡು ಮುಖದ ಮಗ್ಗುಲನ್ನೇ ಬಹಳ ಹೊತ್ತು ನೋಡಿದರು. ಬುರುಡೆ ಕೆಳಗಿತ್ತು. ಬಿಲ್ಲೆಯ ಮುಖ ಯಾರದು ಎಂದು ಪತ್ತಾರರು ಕೇಳುವುದಿಲ್ಲ, ಮನೆಯವರೇ ಹೇಳಬೇಕು. ಅದು ಅವರ ಕಸುಬಿನ ಮರ್ಯಾದೆ.

‘ಕೊಂಡಿ ಹಚ್ಚಬೇಕಾಗಿತ್ತು, ಕೊರಳಾಗ ಹಾಕೊಳ್ಳಾಕ,’ ಎಂದೆ.

ಅವರು ತಲೆ ಎತ್ತಿ ನನ್ನ ಮುಖ ನೋಡಿದರು. ‘ಬ್ಯಾಡ್ರಿ ಬಾಯಾರ. ಇಂಥಾವು ಕೊರಳಾಗ ಹಾಕೊಳ್ಳೂವಲ್ಲ. ಜಗಲಿ ಮ್ಯಾಲೆ ಇರೂವು. ಬ್ಯಾರೇದವರ ಕೈಲೆ ಮಾಡಿಸಿದ್ರೂ ಛಲೋ ಮಾಡ್ಯಾರ. ಮುಂದ ಅದಕ್ಕೆಲ್ಲಾ ವ್ಯಾಳ್ಯಾ ಬರತೈತಿ, ಈಗ ಇಟ್ಟುಕೊಂಡಿರ್ರಿ.’

ಏನು ಹೇಳುತ್ತಿದ್ದಾರೆಂದು ಆಗ ನನಗೆ ಪೂರ್ತಿ ಹೊಳೆಯಲಿಲ್ಲ. ಬಿಲ್ಲೆ ಎಂದುಕೊಂಡಿದ್ದಾರೆ ಎನ್ನುವಷ್ಟು ತಿಳಿಯಿತು. ಆಫ್ರಿಕ, ಗಣಿ, ಹದ್ದು ಎಂದು ಶುರು ಮಾಡಿದರೆ ಬಸ್ಸು ತಪ್ಪುತ್ತದೆ ಎಂದು ಸುಮ್ಮನೆ ಎದ್ದು ಬಂದೆ. ದಾರಿಯುದ್ದಕ್ಕೂ ಒಳಗೊಳಗೇ ನಕ್ಕೆ.

ಆ ವರ್ಷದ ಅಮಾವಾಸ್ಯೆಯ ಹಿಂದಿನ ದಿನ ಬ್ಯಾಡಗಿಗೆ ಹೊರಟೆ. ಅಣ್ಣ ಹೋದ ಮೇಲೆ ಮನೆ ನಡೆಸುವವಳು ಅವನ ಹೆಂಡತಿ, ನನ್ನ ವೈನಿ. ಅವಳ ಜೊತೆ ಮಗ, ಸೊಸೆ, ಒಂದು ಮೊಮ್ಮಗು. ಅಣ್ಣನ ಮಗ ಮೆಣಸಿನಕಾಯಿ ದಲಾಲಿ ಅಂಗಡಿ ನಡೆಸುತ್ತಾನೆ. ಪೇಟೆಗೆ ಹೊಸ ಮಾಲು ಬರಲು ಇನ್ನೂ ತಿಂಗಳುಗಳಿದ್ದವು, ಆದರೂ ಆ ಮನೆಯ ಗೋಡೆಗೆ ಮೂಗು ಹಚ್ಚಿದರೆ ಸೀನು ಬರುತ್ತದೆ. ನನಗೆ ಮಾತ್ರ ಬರುವುದಿಲ್ಲ, ಅಲ್ಲೇ ಹುಟ್ಟಿದವಳು. ಹಾವೇರಿಯ ನನ್ನ ಬಾಗಿಲಿನ ಕೀಲಿಯ ಮೇಲೆ ನನಗೆ ನಂಬಿಕೆಯಿಲ್ಲ, ಹಾಗಾಗಿ ನಾಣ್ಯವನ್ನು ಕರವಸ್ತ್ರದಲ್ಲಿ ಕಟ್ಟಿ ಜೊತೆಗೇ ಒಯ್ದಿದ್ದೆ. ಮೋಟೆಬೆನ್ನೂರು ದಾಟಿ ಬಸ್ಸು ಒಳದಾರಿಗೆ ತಿರುಗುವಾಗ ಎರಡು ಸಲ ಮುಟ್ಟಿ ನೋಡಿಕೊಂಡೆ.

‘ಬಂಗಾರ ಏನರ ಇದ್ರ ಕೊಡವಾ, ತಿಜೋರ್ಯಾಗ ಇಡ್ತೇನಿ. ಹಬ್ಬದಾಗ ಮಂದಿ ಬಂದು ಹೋಗಿ ಮಾಡ್ತಾರ,’ ಎಂದಳು ವೈನಿ. ಗಂಟು ಬಿಚ್ಚದೆ ಹಾಗೆಯೇ ಅವಳ ಕೈಗಿಟ್ಟೆ. ಅವಳು ಹೊರಗಿನಿಂದಲೇ ಹೆಬ್ಬೆರಳಿನಿಂದ ಒತ್ತಿ ನೋಡಿದಳು. ನನ್ನ ಮುಖ ನೋಡಿದಳು. ಗಂಟನ್ನು ಸೆರಗಿನಲ್ಲಿ ಮುಚ್ಚಿಕೊಂಡು ಒಳಗೆ ಹೋದಳು.

ಮರುದಿನ ಬೆಳಿಗ್ಗೆ ನಾನು ಹಿತ್ತಲ ನಳದ ಹತ್ತಿರ ಹಲ್ಲುಜ್ಜುತ್ತಿದ್ದೆ. ದೇವರ ಕೋಣೆಯ ಕಿಟಕಿ ಹಿತ್ತಲಿಗೇ ತೆರೆಯುತ್ತದೆ. ಒಳಗೆ ತಾಯಿ ಮಗ ದನಿ ತಗ್ಗಿಸಿ ಜಗಳಾಡುತ್ತಿದ್ದರು. ಪತ್ತಾರರು ಎಂಬ ಮಾತು ಕೇಳಿ ಕಿವಿ ನಿಮಿರಿತು. ತಾಳಿ ಪೋಣಿಸಿಕೊಂಡು ಬರಲು ಸೊಸೆಯನ್ನು ಕರೆದುಕೊಂಡು ರಾಣೆಬೆನ್ನೂರಿಗೆ ಹೋಗಿದ್ದಾಗ ಪತ್ತಾರರು ವೈನಿಗೆ ಸುದ್ದಿ ಮುಟ್ಟಿಸಿದ್ದರು: ನಿಮ್ಮ ಬಾಯಾರು ಒಂದು ಬಿಲ್ಲೆ ಮಾಡಿಸಿದ್ದಾರೆ, ಬಂಗಾರದ್ದು, ಮೀಸೆಯಿಲ್ಲ, ಹಣೆಯಲ್ಲಿ ಚುಕ್ಕೆಯೂ ಇಲ್ಲ.

‘ಇಟ್ಟರ ಏನಾಗತೈತಿ? ಆಕಿಗೆ ಯಾರದಾರ?’ ವೈನಿ ಕೇಳುತ್ತಿದ್ದಳು.

‘ಅವ್ವಾ, ಅತ್ತಿ ಇನ್ನೂ ಅದಾಳ. ಬದುಕಿದ್ದಾಕಿ ಬಿಲ್ಲಿ ಹಿರೇರ ಜೋಡಿ ಕುಂದ್ರಸ್ತಾರೇನು?’

‘ಈಗ ಮುಚ್ಚಿಡೂಣು. ಆಕಿ ಹೋದ ಮ್ಯಾಲೆ ತಗದ್ರಾತು.’

‘ಹೋದ ಮ್ಯಾಲೂ ಬರೂದಿಲ್ಲ. ಲಗ್ನ ಆಗದವರದು ನಮ್ಮ ಮನ್ಯಾಗ ಯಾರದೈತಿ? ಅಜ್ಜನ ತಂಗೀದು ಐತೇನು?’

‘ಅದಕ್ಕ ಅಲ್ಲೇನೋ ತಾನ ಮಾಡಿಸಿಕೊಂಡು ಬಂದಾಳ. ಬಾಯಿ ಬಿಟ್ಟು ಕೇಳಿಲ್ಲ. ಗಂಟು ಕಟ್ಟಿ ನನ್ನ ಕೈಯಾಗ ಇಟ್ಟಾಳ.’

ನಾನು ಬಾಯಿ ತುಂಬ ನೊರೆ ಇಟ್ಟುಕೊಂಡು ನಿಂತಿದ್ದೆ. ಮೊದಲು ನಗು ಬಂತು. ಆಫ್ರಿಕದ ಮಂಗಮುಖದ ಕೂಸನ್ನು ನನ್ನ ಮುಖ ಅಂದುಕೊಂಡಿದ್ದಾರೆ. ವೈನಿಗೆ ಒಂದು ಕಣ್ಣಿನ ಪೊರೆ ತೆಗೆದಿದ್ದಾರೆ, ಇನ್ನೊಂದು ಬಾಕಿ. ಅಂಚಿನ ಇಂಗ್ಲಿಷ್ ಅಕ್ಷರ ಅವಳಿಗೆ ಕುಸುರಿ ಕೆಲಸದಂತೆ ಕಂಡಿರಬೇಕು. ಮಗನಂತೂ ತಿರುಗಿಯೂ ನೋಡಿರಲಿಕ್ಕಿಲ್ಲ. ಬಾಯಿ ಮುಕ್ಕಳಿಸಿದೆ. ಮುಕ್ಕಳಿಸುವಷ್ಟರಲ್ಲಿ ನಗು ಹೋಗಿ ಸಿಟ್ಟು ಬಂತು. ನಾನು ಕೇಳದೇ ಇದ್ದದ್ದನ್ನು ಕೊಡುವುದಿಲ್ಲ ಎನ್ನಲು ಇವನಾರು? ಅವನ ಅಜ್ಜನ ತಂಗಿ ಎಂದರೆ ನನ್ನ ಅಪ್ಪನ ತಂಗಿ, ನನ್ನ ಸೋದರತ್ತೆ. ಮದುವೆಯಿಲ್ಲದೆ ಈ ಮನೆಯ ಒಲೆ ಮುಂದೆ ಕೂತು ನಮಗೆಲ್ಲ ರೊಟ್ಟಿ ಬಡಿದು ಬಡಿದು ಅಂಗೈ ಸವೆಸಿಕೊಂಡವಳು. ಅವಳಿಗೆ ಬಿಲ್ಲೆಯಿಲ್ಲ ಎನ್ನುವುದು ಅಲ್ಲಿಯವರೆಗೆ ನನ್ನ ಗಮನಕ್ಕೇ ಬಂದಿರಲಿಲ್ಲ. ಅವಳಿಗೆ ಏನು ಇಷ್ಟವಿತ್ತು, ಬೇಳೆಯೋ ಪಲ್ಯವೋ, ನೆನಪು ಮಾಡಿಕೊಳ್ಳಲು ಹೋದೆ. ನೆನಪಾಗಲಿಲ್ಲ. ಅದಕ್ಕೆ ಹೆದರಿಕೆಯಾಯಿತು.

ಅಡುಗೆಮನೆಗೆ ಹೋದಾಗ ವೈನಿ ಕಡುಬಿಗೆ ಹೂರಣ ರುಬ್ಬುತ್ತಿದ್ದಳು. ಸೊಸೆ ಹೊರಗೆ ಹೋಗುವವರೆಗೆ ಕಾದು ನನ್ನ ಕಿವಿಯ ಹತ್ತಿರ ಬಾಗಿದಳು.

‘ನಿಂದು ನಿನ್ನ ಅಣ್ಣನ ಹಿಂದ ಇಟ್ಟೇನಿ. ಮ್ಯಾಲೆ ಹೂ ಹಾಕೇನಿ, ಹುಡುಗಗ ಕಾಣೂದಿಲ್ಲ. ನಾ ಇರೋ ಮಟಾ ಯಾರೂ ತಗ್ಯಾಂಗಿಲ್ಲ. ಸೊಸೀಗೂ ಹೇಳಿ ಹೋಗ್ತೇನಿ. ನೀ ಚಿಂತಿ ಮಾಡಬ್ಯಾಡ.’

ನಾನು ಈಳಿಗೆಮಣೆ ಎಳೆದುಕೊಂಡೆ. ಬದನೆಕಾಯಿ ಹೆಚ್ಚಲು ಕೂತೆ.

ಹೇಳಬೇಕಿತ್ತು, ಅಲ್ಲೇ, ಆಗಲೇ. ಒಂದು ಮಾತಿನಲ್ಲಿ ಮುಗಿಯುತ್ತಿತ್ತು. ಆದರೆ ಬೆಳಗೆಲ್ಲ ಆ ಮಾತನ್ನು ಬಾಯಲ್ಲಿಟ್ಟುಕೊಂಡು ಕೂತೆ. ದೇವರ ಕೋಣೆಯ ಮುಂದೆ ನೀರಿನ ತಂಬಿಗೆ ತರುವ ನೆಪದಲ್ಲಿ ಹಾದು ಹೋದೆ, ಬತ್ತಿ ಹೊಸೆದು ಕೊಡುವ ನೆಪದಲ್ಲಿ ಮತ್ತೆ ಹಾದು ಹೋದೆ. ಮುತ್ತಜ್ಜ, ಅಜ್ಜ, ಅಜ್ಜಿ, ಅಪ್ಪ, ಅವ್ವ, ಅಣ್ಣ. ಅಣ್ಣನ ಹಿಂದೆ ಸೇವಂತಿಗೆಯ ಒಂದು ಸಣ್ಣ ಗುಂಪು. ಆ ಹೂವಿನ ಕೆಳಗೆ ನಾನಿದ್ದೇನೆ ಎಂದು ಈ ಮನೆಯಲ್ಲಿ ಒಬ್ಬಳು ನಂಬಿದ್ದಳು. ಅಷ್ಟಕ್ಕೇ ನನ್ನ ಎದೆ ಎಷ್ಟು ತುಂಬಿತೆಂದರೆ ನನಗೇ ಅಸಹ್ಯವಾಯಿತು. ಸತ್ತ ಮೇಲೆ ಏನೂ ಉಳಿಯುವುದಿಲ್ಲ, ಮೂಳೆ ಕೂಡ ಪುಣ್ಯವಿದ್ದರೆ ಉಳಿದೀತು ಎಂದು ಎಷ್ಟೋ ಮಕ್ಕಳಿಗೆ ಹೇಳಿದವಳು ನಾನು. ಎಡೆ ತಿನ್ನಲು ಯಾರೂ ಬರುವುದಿಲ್ಲ ಎನ್ನುವುದು ನನಗೆ ಗೊತ್ತು. ನನಗೆ ಬೇಕಾದದ್ದು ಊಟವಲ್ಲ. ವರ್ಷಕ್ಕೊಮ್ಮೆ ಯಾರಾದರೂ ಸೌಟು ಹಿಡಿದು, ಅವಳಿಗೆ ಬದನೆಕಾಯಿ ಅಂದರೆ ಜೀವ, ಇನ್ನೊಂದು ಚೂರು ಹಾಕು ಎನ್ನಬೇಕು. ಇಷ್ಟೇ. ಇಷ್ಟು ಬೇಕು ಎಂದು ಆ ಬೆಳಿಗ್ಗೆಯವರೆಗೆ ನನಗೇ ಗೊತ್ತಿರಲಿಲ್ಲ. ಸುಮ್ಮನಿದ್ದರೆ ಸಾಕು, ಅದು ನನ್ನದಾಗುತ್ತಿತ್ತು.

ಮಧ್ಯಾಹ್ನ ಎಡೆಯ ಹೊತ್ತಾಯಿತು. ಅಣ್ಣನ ಮಗ ಎಲೆ ತರಲು ಪೇಟೆಗೆ ಹೋಗಿದ್ದ. ವೈನಿ ಜಗಲಿಯ ಮುಂದೆ ಕೂತು ಒಂದೊಂದೇ ಬಿಲ್ಲೆಗೆ ಹಚ್ಚುತ್ತ ಬಂದಳು, ಗಂಡಸರಿಗೆ ವಿಭೂತಿ, ಮುತ್ತೈದೆಯಾಗಿ ಹೋದವರಿಗೆ ಕುಂಕುಮ. ನನ್ನನ್ನು ಹತ್ತಿರ ಕರೆದಳು. ಹೂ ಸರಿಸಿ ನಾಣ್ಯ ತೆಗೆದು ಸೆರಗಿನಿಂದ ಒರೆಸಿದಳು. ಬೆರಳು ಕುಂಕುಮದ ಭರಣಿಯ ಕಡೆ ಹೋಯಿತು, ವಿಭೂತಿಯ ಕಡೆ ಹೋಯಿತು, ನಡುವೆ ನಿಂತಿತು.

‘ನಿನಗ ಏನ ಹಚ್ಚಲಿ?’ ಎಂದಳು. ಕಣ್ಣಲ್ಲಿ ನೀರಿತ್ತು. ಆಪರೇಷನ್ ಆದ ಕಣ್ಣಲ್ಲಿ ಯಾವಾಗಲೂ ಇರುತ್ತದೆ, ಆದರೆ ಈಗ ಎರಡರಲ್ಲೂ ಇತ್ತು.

ಮದುವೆಯಾಗದೆ, ಸಾಯದೆ ಕೂತಿದ್ದ ನನಗೆ ಏನು ಹಚ್ಚಬೇಕೆಂದು ನನಗೂ ಗೊತ್ತಿರಲಿಲ್ಲ. ಅವಳು ಮಗನಿಗೆ ಹೆದರಿ, ದೇವರಿಗೆ ಹೆದರಿ, ನನಗಾಗಿ ಕಳ್ಳತನ ಮಾಡುತ್ತಿದ್ದಳು. ತಪ್ಪು ಉತ್ತರವನ್ನು ಬೋರ್ಡಿನ ಮೇಲೆ ಬಿಟ್ಟು ಮನೆಗೆ ಹೋಗುವ ಅಭ್ಯಾಸ ನನಗಿಲ್ಲ.

‘ವೈನಿ, ಅದು ನಾನಲ್ಲ,’ ಎಂದೆ.

ಅವಳು ನಾಣ್ಯವನ್ನು ಕಣ್ಣಿನ ಹತ್ತಿರ ಒಯ್ದಳು. ನಾನು ತಿರುಗಿಸಿ ಬುರುಡೆ ತೋರಿಸಿದೆ. ಅವಳು ಕೈಬಿಡಬಹುದು ಎಂದುಕೊಂಡೆ, ಬಿಡಲಿಲ್ಲ, ಗಟ್ಟಿಯಾಗಿ ಹಿಡಿದುಕೊಂಡಳು. ಎಲ್ಲ ಹೇಳಿದೆ. ದೂರದ ದೇಶ, ಗಣಿ, ಕಲ್ಲಿನೊಳಗಿನ ಕೂಸು, ಅವರು ಹೆಮ್ಮೆಗೆಂದು ಮಾಡಿಸಿದ ನಾಣ್ಯ, ನಾನು ಕೊಂಡದ್ದು. ಸೊಸೆಯೂ ಬಾಗಿಲಲ್ಲಿ ಬಂದು ನಿಂತಳು, ಕಂಕುಳಲ್ಲಿ ಮಗು.

‘ಹಂಗಾದ್ರ ನಿಂದಲ್ಲ,’ ಎಂದಳು ವೈನಿ. ಅವಳ ಹೆಗಲು ಕೆಳಗಿಳಿಯಿತು. ಬೆಳಗಿನಿಂದ ಹೊತ್ತಿದ್ದ ಭಾರ ಇಳಿಸಿದಳು ಎನ್ನುವುದು ನನಗೆ ಕಂಡಿತು, ಅದು ನಾನೇ ಎನ್ನುವುದೂ ಕಂಡಿತು.

‘ಎಷ್ಟು ವರ್ಷದ್ದು?’

‘ಮೂರು ನಾಕು ಇರಬೇಕು. ಹಾಲಹಲ್ಲು ಅದಾವ.’

‘ಅದರ ಅವ್ವ?’

‘ಗೊತ್ತಿಲ್ಲ ವೈನಿ. ಹದ್ದು ಒಯ್ದಿರಬೇಕು ಅಂತಾರ. ಅದೊಂದ ಸಿಕ್ಕಿದ್ದು.’

ವೈನಿ ಹೆಬ್ಬೆರಳಿನಿಂದ ಬುರುಡೆಯ ಕಣ್ಣಿನ ಗುಳಿ ಸವರಿದಳು. ‘ಹುಡುಕ್ಯಾಡಿರಬೇಕು ಆಕಿ,’ ಎಂದಳು. ಎಷ್ಟೋ ವರ್ಷ ಆ ಪಾಠ ಹೇಳಿದ್ದೆ. ಹುಡುಕಾಡಿದವಳ ವಿಷಯ ನನ್ನ ತಲೆಗೆ ಒಮ್ಮೆಯೂ ಬಂದಿರಲಿಲ್ಲ.

ಆಮೇಲೆ ಅವಳು ಮಾಡಿದ್ದನ್ನು ನಾನು ಎಣಿಸಿರಲಿಲ್ಲ. ನಾಣ್ಯವನ್ನು ನನ್ನ ಕೈಗೆ ಕೊಡಲಿಲ್ಲ. ಸೊಸೆಯಿಂದ ಮೊಮ್ಮಗುವಿನ ಕುಲಾವಿ ತರಿಸಿದಳು, ಕಿವಿ ಮುಚ್ಚುವ ಕೆಂಪು ಟೊಪ್ಪಿಗೆ. ಅದನ್ನು ಮಡಚಿ ಜಗಲಿಯ ಮೇಲೆ ಅವ್ವ ಮತ್ತು ಅಣ್ಣನ ನಡುವೆ ಇಟ್ಟು, ಅದರ ಮೇಲೆ ನಾಣ್ಯ ಇಟ್ಟಳು, ಮುಖ ಮೇಲೆ ಮಾಡಿ. ಹೂವಿನಿಂದ ಮುಚ್ಚಲಿಲ್ಲ. ಹಣೆಗೆ ಸ್ವಲ್ಪ ಕಾಡಿಗೆ ಹಚ್ಚಿದಳು, ದೃಷ್ಟಿ ತಾಗಬಾರದೆಂದು ಕೂಸುಗಳಿಗೆ ಹಚ್ಚುವ ಹಾಗೆ.

ಅಷ್ಟರಲ್ಲಿ ಅಣ್ಣನ ಮಗ ಎಲೆ ಹಿಡಿದು ಬಂದ. ನಾಣ್ಯ ನೋಡಿ ಮುಖ ಗಂಟು ಹಾಕಿದ. ವೈನಿ ಹೇಳಿದಳು, ಸೊಸೆ ಹೇಳಿದಳು, ಬಿಟ್ಟಲ್ಲಿ ನಾನು ಸೇರಿಸಿದೆ. ಅವನು ಮೊಬೈಲಿನ ಬೆಳಕು ಹಾಕಿ ಅಂಚಿನ ಅಕ್ಷರ ಓದಿದ. ಗಂಟು ಸಡಿಲವಾಯಿತು.

‘ಇದಾದ್ರ ಇರಲಿ ಬಿಡವಾ. ಇದಕ್ಕೇನ ನಮ್ಮ ಪದ್ಧತಿ ಅಡ್ಡ ಬರೂದಿಲ್ಲ. ಎಲ್ಲೀದೋ ಏನೋ, ಪಾಪ,’ ಎಂದ.

‘ಹೌದಪಾ. ಯಾರೂ ಇಲ್ಲದ್ದು,’ ಎಂದಳು ವೈನಿ.

ನಿಯಮ ಇರುವುದು ಮನೆಯವರಿಗೆ. ಹೊರಗಿನದಕ್ಕೆ ನಿಯಮವಿಲ್ಲ. ಅವರ ಮಾತಿನಲ್ಲಿ ಕಪಟವಿರಲಿಲ್ಲ, ಇಬ್ಬರೂ ಒಳ್ಳೆಯವರೇ. ನಾನು ಜಗಲಿಯ ಅಂಚು ಹಿಡಿದು ನಿಂತಿದ್ದೆ. ಈಗ ಕೇಳದಿದ್ದರೆ ಇನ್ನೆಂದೂ ಕೇಳುವುದಿಲ್ಲ ಎನ್ನಿಸಿತು. ಕೇಳಿದೆ. ಆದರೆ ನನ್ನ ಹಾಳು ನಾಲಿಗೆ ಅದನ್ನೂ ಚೇಷ್ಟೆ ಮಾಡಿಯೇ ಕೇಳಿತು.

‘ಜಾಗಾ ಇನ್ನೂ ಐತಿ ನೋಡಪಾ. ಮುಂದ ನಂದೂ ಒಂದು ಮಾಡಿಸಿ ಇದರ ಮಗ್ಗಲಾಗ ಇಡು.’

ಅವನು ನಕ್ಕ. ಸೊಸೆ ನಕ್ಕಳು. ‘ಅತ್ತಿ, ಹಬ್ಬದ ದಿನಾ ಅಂಥಾ ಮಾತು ಆಡಬಾರದು. ನೀ ನೂರು ವರ್ಷ ಇರತೀ,’ ಎಂದು ಜಗಲಿಯ ಮುಂದಿದ್ದ ನೀರಿನ ತಂಬಿಗೆ ಎತ್ತಿಕೊಂಡ. ವೈನಿ ಮಾತ್ರ ನಗಲಿಲ್ಲ. ಮಗನ ಬೆನ್ನನ್ನು ಒಮ್ಮೆ, ನನ್ನನ್ನು ಒಮ್ಮೆ ನೋಡಿದಳು.

‘ನಿನಗೇನವಾ, ನಾವೆಲ್ಲಾ ಅದೇವಿ,’ ಎಂದಳು.

ಎಡೆ ಇಟ್ಟರು. ಎಲ್ಲರಿಗೂ ಕಡುಬು, ಅನ್ನ, ಬದನೆಕಾಯಿ ಪಲ್ಯ, ವಡೆ. ಕೂಸಿನ ಎಲೆಗೆ ವೈನಿ ಹಾಲಿನಲ್ಲಿ ಅನ್ನ ಕಿವುಚಿ ಹಾಕಿದಳು, ಆ ಹಾಲುಹಲ್ಲಿನಲ್ಲಿ ಕಡುಬು ಅಗಿಯಲಾಗುವುದಿಲ್ಲ ಎಂದಳು. ಹಿರಿಯರನ್ನೆಲ್ಲ ಒಬ್ಬೊಬ್ಬರನ್ನಾಗಿ ಕರೆದು ಉಣ್ಣಿರಿ ಎಂದ ಮೇಲೆ, ದನಿ ಬದಲಿಸಿ, ‘ನೀನೂ ಉಣ್ಣು ಕೂಸ, ಸುಡೂದಿಲ್ಲ, ಆರಿಸೇನಿ,’ ಎಂದಳು. ಆಮೇಲೆ ದೇವರ ಕೋಣೆಯ ಬಾಗಿಲು ಮುಂದೆ ಎಳೆದು ಎಲ್ಲರೂ ಹೊರಗೆ ಕೂತೆವು. ಹಿರಿಯರು ಉಣ್ಣುವಾಗ ನೋಡಬಾರದು. ಮೊಮ್ಮಗು ತನ್ನ ಟೊಪ್ಪಿಗೆ ಬೇಕೆಂದು ಅಳುತ್ತಿತ್ತು, ಅದಕ್ಕೆ ಬೆಲ್ಲ ಕೊಟ್ಟರು.

ಸಂಜೆ ಹೊರಡುವಾಗ ಕರವಸ್ತ್ರ ಮಡಚಿ ಕೈಗೆ ಕೊಟ್ಟ ವೈನಿ ತಡವರಿಸಿದಳು. ‘ಒಯ್ತೀಯೇನು? ನಿಂದದು. ಆದರ ಒಮ್ಮೆ ಎಡಿ ಇಟ್ಟ ಮ್ಯಾಲೆ ಎಬ್ಬಿಸಬಾರದು ಅಂತಾರ.’

‘ಇರಲಿ ವೈನಿ,’ ಎಂದೆ.

ಬ್ಯಾಡಗಿಯ ಬಸ್ ಸ್ಟ್ಯಾಂಡಿಗೆ ಅಣ್ಣನ ಮಗನೇ ಬೈಕಿನ ಮೇಲೆ ಬಿಟ್ಟ. ಕಿಟಕಿಯ ಸೀಟು ಹಿಡಿದು ಕೊಟ್ಟ, ನೀರಿನ ಬಾಟಲಿ ತಂದುಕೊಟ್ಟ, ಬಸ್ಸು ಹೊರಡುವವರೆಗೂ ನಿಂತಿದ್ದ. ಅವನ ಮೇಲೆ ಸಿಟ್ಟು ಮಾಡಿಕೊಳ್ಳಲು ಪ್ರಯತ್ನಪಟ್ಟೆ, ಆಗಲಿಲ್ಲ. ತೊಡೆಯ ಮೇಲೆ ವೈನಿ ಕಟ್ಟಿಕೊಟ್ಟ ಕಡುಬಿನ ಡಬ್ಬಿ ಬೆಚ್ಚಗಿತ್ತು. ಪಕ್ಕದಲ್ಲಿ ಕೂತ ಹೆಂಗಸು, ಹಬ್ಬಕ್ಕೆ ತವರಿಗೆ ಹೋಗಿದ್ರೇನ್ರಿ ಎಂದಳು. ಹೌದೆಂದೆ.

ಅಳು ಬರುತ್ತದೆ ಎಂದು ಕಾದೆ. ಬರಲಿಲ್ಲ. ಬೇರೆಯೇ ಒಂದು ಬಂತು, ಅದಕ್ಕೆ ಹೆಸರು ಹುಡುಕುವಷ್ಟರಲ್ಲಿ ಬಸ್ಸು ಹೆದ್ದಾರಿಗೆ ಬಂದಿತ್ತು. ಅವ್ವನ ಮಗ್ಗುಲಲ್ಲಿ, ಕೆಂಪು ಟೊಪ್ಪಿಗೆಯ ಮೇಲೆ, ಆರಿಸಿದ ಹಾಲನ್ನದ ಮುಂದೆ ಅದು ಕೂತಿತ್ತು. ನಾನಿಲ್ಲದ ವರ್ಷಗಳಲ್ಲೂ ಅಲ್ಲೇ ಕೂತಿರುತ್ತದೆ. ಇಪ್ಪತ್ತು ಲಕ್ಷ ವರ್ಷಕ್ಕೂ ಹಿಂದೆ ಹದ್ದಿನ ಬಾಯಿಗೆ ಬಿದ್ದ ಆ ಕೂಸಿನ ಮೇಲೆ ನನಗೆ ಹೊಟ್ಟೆಕಿಚ್ಚಾಗಿತ್ತು.